ಆದೇಶ ಅಸಲಿಯೋ ನಕಲಿಯೋ? ‘ಸರ್ಕಾರಿ ಅಕ್ಷರ’ ನೋಡಿ ನಂಬುವ ಮೊದಲು

ಜುಲೈ ತಿಂಗಳ ಒಂದು ರಾತ್ರಿ ಅಂದ್ಕೊಳ್ಳಿ. ಜೊಯಿಡಾ ಕಡೆ ಮಳೆ ಒಂದೇ ಸಮ ಹೊಡೀತಾ ಇದೆ, ಕರೆಂಟ್ ಹೋಗಿ ಹೊತ್ತಾಯ್ತು. ಮನೆ ಹಿಂದಿನ ದಿಬ್ಬ ಹತ್ತಿದರೆ ಮಾತ್ರ ಸಿಗ್ನಲ್ ಸಿಗುವ ಊರು. ದಿಬ್ಬ ಹತ್ತಿದ ಯಾರದೋ ಮೊಬೈಲಿಗೆ ಒಂದು ಪಿಡಿಎಫ್ ಬಂದು ಬೀಳುತ್ತೆ: ನಾಳೆ ಶಾಲೆಗಳಿಗೆ ರಜೆ. ಹತ್ತು ನಿಮಿಷದಲ್ಲಿ ಅದು ಊರಿನ ಎಲ್ಲ ಗ್ರೂಪುಗಳನ್ನು ಸುತ್ತಿ ಬರುತ್ತೆ. ಆಮೇಲೆ ಶುರುವಾಗುವ ಪ್ರಶ್ನೆ ಒಂದೇ, ‘ಇದು ನಿಜವಾ?’

ಉತ್ತರ ಹುಡುಕಲು ಜನ ಆದೇಶದ ಸಂಖ್ಯೆ ನೋಡೋದಿಲ್ಲ, ದಿನಾಂಕವನ್ನೂ ಎಷ್ಟೋ ಸಲ ನೋಡೋದಿಲ್ಲ. ಮೊದಲು ಕಣ್ಣು ಹೋಗೋದು ಅಕ್ಷರದ ಮೇಲೆ. ‘ನೋಡಿ, ಸರ್ಕಾರಿ ಅಕ್ಷರ ಇದೆ, ಸೀಲೂ ಇದೆ, ನಿಜಾನೇ’ ಅಂತ ಒಬ್ಬರು. ‘ಇದ್ಯಾರೋ ಮೊಬೈಲಲ್ಲಿ ಟೈಪ್ ಮಾಡಿದ ಹಾಗಿದೆ, ನಂಬಬೇಡಿ’ ಅಂತ ಇನ್ನೊಬ್ಬರು. ಕರಾವಳಿ, ಮಲೆನಾಡಿನ ಜಿಲ್ಲೆಗಳಲ್ಲಿ ಪ್ರತಿ ಮಳೆಗಾಲವೂ ನಕಲಿ ರಜೆ ಆದೇಶಗಳು ಓಡಾಡುತ್ತವೆ. ಕೆಲವು ಹಳೆಯ ಅಸಲಿ ಆದೇಶದ ದಿನಾಂಕವನ್ನಷ್ಟೇ ಬದಲಿಸಿದವು. ಅಂಥವುಗಳಲ್ಲಿ ಅಕ್ಷರ ಪಕ್ಕಾ ಸರ್ಕಾರಿಯದ್ದೇ ಆಗಿರುತ್ತೆ.

ರಜೆ ಸಣ್ಣ ವಿಷಯ ಅನ್ನಿ. ಆದರೆ ಇದೇ ಕಣ್ಣು, ಇದೇ ಅಭ್ಯಾಸ ಅರಣ್ಯ ಹಕ್ಕು ಅರ್ಜಿ ತಿರಸ್ಕಾರದ ಪತ್ರಕ್ಕೂ, ಹುಲಿ ಸಂರಕ್ಷಿತ ಪ್ರದೇಶದ ಪುನರ್ವಸತಿ ತಿಳಿವಳಿಕೆಗೂ, ಬ್ಯಾಂಕಿನ ಹೆಸರಲ್ಲಿ ಬರುವ ಮೋಸದ ಮೆಸೇಜಿಗೂ ಕೆಲಸ ಮಾಡುತ್ತೆ. ಅಕ್ಷರದ ರೂಪ, ಅಂದ್ರೆ ಫಾಂಟ್, ನಾವು ಒಂದು ಡಿಜಿಟಲ್ ದಾಖಲೆಯನ್ನು ಓದುವ ಮೊದಲೇ ಅದರ ಬಗ್ಗೆ ಒಂದು ತೀರ್ಮಾನ ಕೊಟ್ಟುಬಿಡುತ್ತೆ. ಹೇಗೆ, ಎಷ್ಟರಮಟ್ಟಿಗೆ, ಕನ್ನಡದಲ್ಲಿ ಇದರ ವಿಶೇಷ ತೊಂದರೆ ಏನು ಅನ್ನೋದನ್ನ ನೋಡೋಣ.

‘ಸರ್ಕಾರಿ ಅಕ್ಷರ’ ಹುಟ್ಟಿದ್ದು ಎಲ್ಲಿ?

ಕರ್ನಾಟಕದಲ್ಲಿ ‘ಸರ್ಕಾರಿ ಅಕ್ಷರ’ ಅಂತ ನಮ್ಮ ಕಣ್ಣು ಗುರುತಿಸುವ ಆಕಾರ ಬಹುಮಟ್ಟಿಗೆ ನುಡಿ ತಂತ್ರಾಂಶದ್ದು. ಕನ್ನಡ ಗಣಕ ಪರಿಷತ್ತು ಅಭಿವೃದ್ಧಿಪಡಿಸಿದ ನುಡಿಯನ್ನು ಈ ಶತಮಾನದ ಶುರುವಿನಲ್ಲಿ ಸರ್ಕಾರ ತನ್ನ ಕಚೇರಿಗಳಿಗೆ ತಂದಿತು. ಅದಕ್ಕೂ ಸ್ವಲ್ಪ ಮುಂಚೆ, 1998ರಲ್ಲಿ, ಶೇಷಾದ್ರಿವಾಸು ಅವರ ಬರಹ ಬಂದಿತ್ತು. ಡಿಟಿಪಿ ಅಂಗಡಿಗಳಲ್ಲಿ, ಪತ್ರಿಕೆಗಳಲ್ಲಿ ಶ್ರೀಲಿಪಿ, ಆಕೃತಿ ಇವೆಲ್ಲ ಓಡುತ್ತಿದ್ದವು. ಕಚೇರಿಯ ಟೈಪಿಸ್ಟ್ ಮಾತ್ರ ‘ನುಡಿ 01 ಇ’ ಬಿಟ್ಟು ಕದಲಲಿಲ್ಲ. ತಹಶೀಲ್ದಾರರ ನೋಟಿಸು, ಗ್ರಾಮ ಪಂಚಾಯಿತಿಯ ಠರಾವು, ನೇಮಕಾತಿ ಪ್ರಕಟಣೆ ಎಲ್ಲವೂ ಅದೇ ದುಂಡನೆಯ, ಸ್ವಲ್ಪ ದಪ್ಪ-ಸಣ್ಣ ಗೆರೆಯ ಅಕ್ಷರದಲ್ಲಿ ಬಂದು ಬಂದು, ಆ ಆಕಾರವೇ ಅಧಿಕಾರದ ಮುಖ ಆಯಿತು.

ಯಾರೂ ‘ಈ ಫಾಂಟ್ ನೋಡಿದರೆ ಜನ ನಂಬಬೇಕು’ ಅಂತ ಯೋಜನೆ ಹಾಕಿರಲಿಲ್ಲ. ಕಚೇರಿಯ ಕಂಪ್ಯೂಟರಿನಲ್ಲಿ ಅದೇ ಇತ್ತು, ಅಷ್ಟೇ. ಫಾಂಟುಗಳ ಪ್ರಭಾವದ ದೊಡ್ಡ ಪಾಲು ಇಂಥದ್ದೇ: ಅಕ್ಷರದ ಗುಣ ಅಲ್ಲ, ಅದು ಇಷ್ಟು ದಿನ ಯಾರ ಜೊತೆ ಓಡಾಡಿತ್ತು ಅನ್ನುವ ನೆನಪು. ಮದುವೆ ಕರೆಯೋಲೆಯ ಬಳ್ಳಿ ಬಳ್ಳಿ ಅಕ್ಷರದಲ್ಲಿ ಸಾಲ ವಸೂಲಿ ನೋಟಿಸು ಬಂದರೆ ನಗು ಬರೋದು ಅದಕ್ಕೇ.

ಇದಕ್ಕೆ ಜೊಯಿಡಾದ ಹತ್ತಿರವೇ ಒಂದು ಚಂದದ ಹೋಲಿಕೆ ಇದೆ. ಮುಂಡಗೋಡಿನ ಟಿಬೆಟನ್ ಕ್ಯಾಂಪಿಗೆ ಹೋದರೆ ಒಂದೇ ಭಾಷೆಗೆ ಎರಡು ಅಕ್ಷರ ಶೈಲಿ ಕಾಣುತ್ತೆ. ಉಚೆನ್ ಅಂದ್ರೆ ತಲೆಗೆರೆ ಇರುವುದು, ಗ್ರಂಥಕ್ಕೆ, ಮುದ್ರಣಕ್ಕೆ. ಉಮೆ ಅಂದ್ರೆ ತಲೆಗೆರೆ ಇಲ್ಲದ್ದು, ಕೈಬರಹಕ್ಕೆ, ದಿನದ ವ್ಯವಹಾರಕ್ಕೆ. ಓದುವ ಮೊದಲೇ ಇದು ಯಾವ ಬಗೆಯ ಬರಹ ಅಂತ ತಿಳಿಯುತ್ತೆ. ಅಲ್ಲಿ ಅದು ಸಂಪ್ರದಾಯವಾಗಿ ಬಂದದ್ದು, ನಮ್ಮಲ್ಲಿ ತಂತ್ರಾಂಶದ ದೆಸೆಯಿಂದ ಬಂತು.

ಸಂಶೋಧನೆ ಏನು ಹೇಳುತ್ತೆ?

2012ರಲ್ಲಿ ಅಮೆರಿಕದ ಸಾಕ್ಷ್ಯಚಿತ್ರ ನಿರ್ದೇಶಕ ಎರಲ್ ಮಾರಿಸ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಂದು ತಮಾಷೆ ಮಾಡಿದರು. ‘ನೀವು ಆಶಾವಾದಿಯೋ ನಿರಾಶಾವಾದಿಯೋ’ ಅಂತ ಒಂದು ಕ್ವಿಜ್ ಹಾಕಿ, ಕ್ಷುದ್ರಗ್ರಹಗಳ ಅಪಾಯದ ಬಗೆಗಿನ ಒಂದು ವಾಕ್ಯಭಾಗ ಕೊಟ್ಟು, ಇದನ್ನು ಒಪ್ಪುತ್ತೀರಾ ಅಂತ ಕೇಳಿದರು. ಓದುಗರಿಗೆ ಗೊತ್ತಿಲ್ಲದ ಸಂಗತಿ ಏನಂದ್ರೆ, ಅದೇ ವಾಕ್ಯ ಬೇರೆ ಬೇರೆಯವರಿಗೆ ಆರು ಬೇರೆ ಬೇರೆ ಫಾಂಟುಗಳಲ್ಲಿ ಕಾಣುತ್ತಿತ್ತು. ಸುಮಾರು 45,000 ಜನ ಭಾಗವಹಿಸಿದರು. ಬಾಸ್ಕರ್‌ವಿಲ್ ಅನ್ನುವ ಹಳೇ ಪುಸ್ತಕದ ಅಕ್ಷರದಲ್ಲಿ ಓದಿದವರು ಒಪ್ಪಿದ್ದು ಸ್ವಲ್ಪ ಹೆಚ್ಚು, ಕಾಮಿಕ್ ಸಾನ್ಸ್‌ನಲ್ಲಿ ಓದಿದವರು ಒಪ್ಪಿದ್ದು ಕಡಿಮೆ. ವ್ಯತ್ಯಾಸ ದೊಡ್ಡದೇನಲ್ಲ, ಶೇಕಡಾ ಒಂದೂವರೆಯ ಆಸುಪಾಸು. ಆದರೆ ಲಕ್ಷಗಟ್ಟಲೆ ಜನ ಓದುವ ದಾಖಲೆಗೆ ಶೇಕಡಾ ಒಂದೂವರೆ ಅಂದ್ರೆ ಸಾವಿರಾರು ಜನ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸೋದು 2008ರ ಸಾಂಗ್ ಮತ್ತು ಶ್ವಾರ್ಟ್ಜ್ ಪ್ರಯೋಗ. ಒಂದು ವ್ಯಾಯಾಮದ ಸೂಚನೆಗಳನ್ನು ಒಂದು ಗುಂಪಿಗೆ ಸರಳವಾದ ಏರಿಯಲ್‌ನಲ್ಲಿ, ಇನ್ನೊಂದು ಗುಂಪಿಗೆ ಓದಲು ಕಷ್ಟವಾದ ಬ್ರಷ್ ಬರಹದ ಅಕ್ಷರದಲ್ಲಿ ಕೊಟ್ಟರು. ಇದನ್ನು ಮಾಡಲು ಎಷ್ಟು ಹೊತ್ತು ಬೇಕು ಅಂತ ಕೇಳಿದಾಗ ಮೊದಲ ಗುಂಪು ಸರಾಸರಿ 8 ನಿಮಿಷ ಅಂದರೆ, ಎರಡನೇ ಗುಂಪು 15 ನಿಮಿಷ ಅಂದಿತು. ವ್ಯಾಯಾಮ ಒಂದೇ. ಓದುವ ಕಷ್ಟವನ್ನು ಜನ ಕೆಲಸದ ಕಷ್ಟ ಅಂತ ತಿಳಿದರು. ಎರಡನೇ ಗುಂಪಿನವರಿಗೆ ಅದನ್ನು ಶುರುಮಾಡುವ ಮನಸ್ಸೂ ಕಡಿಮೆ ಇತ್ತು. ಇದಕ್ಕೂ ಮುಂಚೆ 1999ರಲ್ಲಿ ರೇಬರ್ ಮತ್ತು ಶ್ವಾರ್ಟ್ಜ್ ಇನ್ನೊಂದು ಸಂಗತಿ ತೋರಿಸಿದ್ದರು: ‘ಇಂಥ ಊರು ಇಂಥ ದೇಶದಲ್ಲಿದೆ’ ಅನ್ನುವಂಥ ಸರಳ ವಾಕ್ಯಗಳು ಹಿನ್ನೆಲೆಯಿಂದ ಎದ್ದು ಕಾಣುವ ಬಣ್ಣದಲ್ಲಿದ್ದರೆ, ಮಂಕು ಬಣ್ಣದಲ್ಲಿ ಇದ್ದಾಗಿಗಿಂತ ಹೆಚ್ಚು ‘ನಿಜ’ ಅನ್ನಿಸುತ್ತವೆ.

ಓದಲು ಕಷ್ಟವಾದರೆ ಹೆಚ್ಚು ನೆನಪಿರುತ್ತೆ ಅನ್ನುವ ಉಲ್ಟಾ ವಾದವೂ ಉಂಟು. 2018ರಲ್ಲಿ ಆಸ್ಟ್ರೇಲಿಯಾದಲ್ಲಿ ಅದಕ್ಕೆಂದೇ ಸಾನ್ಸ್ ಫರ್ಗೆಟಿಕಾ ಅನ್ನುವ ಫಾಂಟ್ ಮಾಡಿದರು, ಸುದ್ದಿಯೂ ಆಯಿತು. ಮುಂದಿನ ಪ್ರಯೋಗಗಳಲ್ಲಿ ಆ ಲಾಭ ಕಾಣಲಿಲ್ಲ.

ಈಗ ವ್ಯಾಯಾಮದ ಜಾಗದಲ್ಲಿ ಒಂದು ಸರ್ಕಾರಿ ಅರ್ಜಿ ನಮೂನೆ ಇಟ್ಟು ನೋಡಿ. ಜೊಯಿಡಾ ತಾಲ್ಲೂಕಿನಲ್ಲಿ ಬಹಳ ಮನೆಗಳಲ್ಲಿ ಮಾತು ಕೊಂಕಣಿ ಅಥವಾ ಮರಾಠಿ, ಕನ್ನಡ ಶಾಲೆಯದು ಮತ್ತು ಕಚೇರಿಯದು. ಎರಡನೇ ಭಾಷೆಯಲ್ಲಿ ಓದುವವರಿಗೆ ಪ್ರತಿ ಅಕ್ಷರಕ್ಕೂ ಸ್ವಲ್ಪ ಹೆಚ್ಚು ಹೊತ್ತು ಬೇಕು. ಅಂಥವರ ಕೈಗೆ ಮೂರು ಸಲ ಸ್ಕ್ಯಾನ್ ಆಗಿ ಮಸುಕಾದ, ಒತ್ತೊತ್ತಾದ ಸಾಲಿನ ನಮೂನೆ ಕೊಟ್ಟರೆ ‘ಇದು ನಮ್ಮಿಂದ ಆಗೋ ಕೆಲಸ ಅಲ್ಲ, ಯಾರಾದರೂ ಬರೆಸಿಕೊಡಲಿ’ ಅಂತಲೇ ಅನ್ನಿಸೋದು. ಆ ‘ಯಾರಾದರೂ’ಗೆ ದುಡ್ಡು ಕೊಡಬೇಕು.

ಹೊಟ್ಟೆ ಸೀಳು, ಒತ್ತು ಮತ್ತು ಸೊನ್ನೆ

ಇಂಗ್ಲಿಷ್ ಅಕ್ಷರಕ್ಕೆ ಹೋಲಿಸಿದರೆ ಕನ್ನಡಕ್ಕೆ ನೆಟ್ಟಗೆ ಮೇಲೆ-ಕೆಳಗೆ ಹೆಚ್ಚು ಜಾಗ ಬೇಕು. ಮೇಲೆ ತಲೆಕಟ್ಟು, ಗುಡಿಸು. ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿಗೂ ಒತ್ತು. ‘ರಾಷ್ಟ್ರೀಯ’ ಅನ್ನುವ ಪದವನ್ನೇ ನೋಡಿ, ಎರಡು ಒತ್ತು ಕೆಳಗೆ ನೇತಾಡುತ್ತಿವೆ. ಇಂಗ್ಲಿಷಿಗಾಗಿ ಮಾಡಿದ ಆ್ಯಪ್, ವೆಬ್‌ಸೈಟುಗಳಲ್ಲಿ ಸಾಲಿನ ಎತ್ತರ ಕಮ್ಮಿ ಇರುತ್ತೆ. ಆಗ ಒತ್ತಿನ ತುದಿ ಕತ್ತರಿಸಿ ಹೋಗುತ್ತೆ, ಇಲ್ಲವೇ ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತೆ. ಒತ್ತು ಹೋದರೆ ಬರೀ ಅಂದ ಕೆಡೋದಲ್ಲ, ಅರ್ಥವೇ ಹೋಗುತ್ತೆ. ‘ಕತ್ತೆ’ಯ ಒತ್ತು ಕಾಣದಿದ್ದರೆ ಅದು ‘ಕತೆ’. ‘ಹಳ್ಳಿ’ಯ ಒತ್ತು ಕಾಣದಿದ್ದರೆ ಅದು ‘ಹಳಿ’. ಹಳ್ಳಿ ಸ್ಥಳಾಂತರವೇ ಚರ್ಚೆಯ ವಿಷಯ ಆಗಿರುವ ತಾಲ್ಲೂಕಿನಲ್ಲಿ ಇದು ತಮಾಷೆ ಅಲ್ಲ.

ಇನ್ನು ಮಹಾಪ್ರಾಣ. ದ ಮತ್ತು ಧ ನಡುವೆ ಇರೋದು ಒಂದು ಸಣ್ಣ ಗೀರು, ಶಾಲೆಯಲ್ಲಿ ಮೇಷ್ಟ್ರು ಹೇಳುತ್ತಿದ್ದ ‘ಹೊಟ್ಟೆ ಸೀಳು’. ಅಗ್ಗದ ಫೋನಿನ ಸಣ್ಣ ಪರದೆಯಲ್ಲಿ, ಅದರಲ್ಲೂ ಬೋಲ್ಡ್ ಮಾಡಿದಾಗ, ಆ ಸೀಳು ಮುಚ್ಚಿಹೋಗುತ್ತೆ. ಫಾಂಟಿನಲ್ಲಿ ನಿಜವಾದ ದಪ್ಪ ಆವೃತ್ತಿ ಇಲ್ಲದಿದ್ದರೆ ಬ್ರೌಸರ್ ತಾನೇ ಗೆರೆಗಳನ್ನು ಊದಿಸಿ ಬೋಲ್ಡ್ ಮಾಡುತ್ತೆ, ಆಗ ಇನ್ನೂ ಕಷ್ಟ. ಕಾಡಿನಂಚಿನ ಊರಲ್ಲಿ ‘ದನ’ ಮತ್ತು ‘ಧನ’ ಎರಡೂ ಪರಿಹಾರದ ಪತ್ರದಲ್ಲಿ ಬರುವ ಪದಗಳೇ. ಸಂದರ್ಭ ನೋಡಿ ಓದುಗ ಸರಿಪಡಿಸಿಕೊಳ್ಳುತ್ತಾನೆ, ನಿಜ. ಆದರೆ ಹಾಗೆ ನಾಲ್ಕು ಕಡೆ ಸರಿಪಡಿಸಿಕೊಂಡ ದಾಖಲೆಯ ಮೇಲೆ ನಂಬಿಕೆ ತಾನಾಗಿಯೇ ಇಳಿಯುತ್ತೆ. ಇಟಾಲಿಕ್ ಬಗ್ಗೆ ಹೇಳೋದೇ ಬೇಡ. ಕನ್ನಡದಲ್ಲಿ ಅಂಥ ಸಂಪ್ರದಾಯವೇ ಇಲ್ಲ, ಅಕ್ಷರ ಜೋಲಿ ಹೊಡೆದ ಹಾಗೆ ಕಾಣುತ್ತೆ.

ಫಾಂಟ್ ಮುಚ್ಚಿಡುವ ತಪ್ಪುಗಳೂ ಇವೆ. ಅನುಸ್ವಾರದ ಸೊನ್ನೆಯೂ ಕನ್ನಡ ಅಂಕಿಯ ಸೊನ್ನೆಯೂ ಹೆಚ್ಚಿನ ಫಾಂಟುಗಳಲ್ಲಿ ಅವಳಿ ಮಕ್ಕಳು. ‘ಅಂಗಡಿ’ ಮತ್ತು ‘ಅ೦ಗಡಿ’, ಈ ಎರಡು ಪದಗಳಲ್ಲಿ ಎರಡನೆಯದರಲ್ಲಿ ಇರೋದು ಅಂಕಿ. ಕಣ್ಣಿಗೆ ಎರಡೂ ಒಂದೇ ಅನ್ನಿಸಬಹುದು, ಕಂಪ್ಯೂಟರಿಗೆ ಬೇರೆ ಬೇರೆ. ಹುಡುಕಿದರೆ ಸಿಗೋದಿಲ್ಲ. ಫಲಾನುಭವಿಗಳ ಪಟ್ಟಿಯಲ್ಲಿ ಹೆಸರಿನ ಸೊನ್ನೆ ಹೀಗೆ ತಪ್ಪಿದ್ದರೆ ‘ನಿಮ್ಮ ಹೆಸರು ಇಲ್ಲ’ ಅನ್ನುವ ಉತ್ತರ ಬರುತ್ತೆ, ಹೆಸರು ಅಲ್ಲೇ ಕಣ್ಣೆದುರಿಗೇ ಇದ್ದರೂ.

ಇದೇ ಮಾತಿಗೆ ಒಂದು ನಗುವ ಉದಾಹರಣೆ ಕೂಡ ಇದೆ. ನಮ್ಮ ‘ಠ’ ಜಗತ್ತಿನ ಇಂಟರ್ನೆಟ್ಟಿನಲ್ಲಿ ಸಿಕ್ಕಾಪಟ್ಟೆ ಪ್ರಸಿದ್ಧ. ಎರಡು ಠ ಪಕ್ಕಪಕ್ಕ ಇಟ್ಟು ನಡುವೆ ಗೆರೆ ಎಳೆದರೆ, ಠ_ಠ, ಹುಬ್ಬು ಗಂಟಿಕ್ಕಿ ನೋಡುವ ಮುಖ. ಕನ್ನಡ ಅಂತ ಒಂದು ಭಾಷೆ ಇದೆ ಅಂತಲೂ ಗೊತ್ತಿಲ್ಲದವರು ಅದನ್ನು ಬಳಸುತ್ತಾರೆ. ಅವರ ಪಾಲಿಗೆ ಆಕಾರ ಮಾತ್ರ ಇದೆ, ಅಕ್ಷರ ಇಲ್ಲ.

ಫಾಂಟೇ ಅಕ್ಷರವಾಗಿದ್ದಾಗ

ಇಂಗ್ಲಿಷಿನವರಿಗೆ ಫಾಂಟ್ ಅಂದ್ರೆ ಬಟ್ಟೆ. ಬದಲಿಸಿದರೆ ಒಳಗಿನ ಮನುಷ್ಯ ಬದಲಾಗೋದಿಲ್ಲ. ಹಳೆಯ ನುಡಿ, ಬರಹ, ಶ್ರೀಲಿಪಿಗಳಲ್ಲಿ ಹಾಗಿರಲಿಲ್ಲ. ಅಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಚೂರುಗಳನ್ನು ಅಂಟಿಸಿದ್ದರು. ಫಾಂಟ್ ತೆಗೆದರೆ ಕನ್ನಡವೇ ಮಾಯ. ನುಡಿಯಲ್ಲಿ ಟೈಪ್ ಮಾಡಿದ ‘ಕನ್ನಡ’ ಅನ್ನುವ ಪದ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಓರೆಗೆರೆ ಇರುವ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೊಂದು ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಮತ್ತೆ ಎ ಆಗಿ ಕಾಣುತ್ತೆ. ದುಬೈಯಲ್ಲೋ ಪುಣೆಯಲ್ಲೋ ಕೂತು ಊರಿನಿಂದ ಬಂದ ಫೈಲ್ ತೆರೆದವರಿಗೆ ಈ ಸಾಲು ಚೆನ್ನಾಗಿ ಗೊತ್ತು.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಜಾಗ 1991ರ ಮೊದಲ ಆವೃತ್ತಿಯಲ್ಲೇ ಸಿಕ್ಕಿತ್ತು. ವಿಂಡೋಸ್ ಎಕ್ಸ್‌ಪಿ ಜೊತೆ 2001ರಲ್ಲಿ ತುಂಗಾ ಬಂತು. ಆರ್. ಕೆ. ಜೋಶಿ ಅವರ ನೇತೃತ್ವದಲ್ಲಿ ಆದ ಫಾಂಟ್ ಅದು. 2012ರಲ್ಲಿ ವಿಂಡೋಸ್ 8ರ ಜೊತೆ ನಿರ್ಮಲಾ ಬಂತು. ಆಂಡ್ರಾಯ್ಡ್ ಫೋನುಗಳಲ್ಲಿ ನೋಟೋ, ಆಪಲ್‌ನಲ್ಲಿ ಮುತ್ತು ನೆಡುಮಾರನ್ ಮಾಡಿದ ಕನ್ನಡ ಸಂಗಮ್. ಸ್ವತಂತ್ರ ತಂತ್ರಾಂಶದವರ ಲೋಹಿತ್, ಗುಬ್ಬಿ, ನವಿಲು ಇವೆ. ಗೂಗಲ್ ಫಾಂಟ್ಸ್‌ನಲ್ಲಿ ಈಗ ಬಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ, ಅಕಾಯ ಕನಡಕ, ನಮ್ಮ ಪಕ್ಕದೂರಿನ ಹೆಸರಿನದೇ ಆದ ಹುಬ್ಬಳ್ಳಿ ಎಲ್ಲವೂ ಪುಕ್ಕಟೆ. ಬಲೂ ತಮ್ಮ ಗುಂಡುಗುಂಡಗೆ ಮಕ್ಕಳ ಪುಸ್ತಕಕ್ಕೆ ಒಪ್ಪುತ್ತೆ, ತಿರೋ ಹಳೆಯ ಅಚ್ಚುಮೊಳೆಯ ಗಾಂಭೀರ್ಯ ತರುತ್ತೆ. ಆಯ್ಕೆಗೆ ಬರ ಇಲ್ಲ.

ಆದರೂ ಕಚೇರಿಗಳ ಹಳೆಯ ಕಡತಗಳು ಹಳೆಯ ಸಂಕೇತದಲ್ಲೇ ಇವೆ, ಹೊಸದಾಗಿ ಬರುವ ಎಷ್ಟೋ ಪಿಡಿಎಫ್‌ಗಳೂ ಹಾಗೇ. ಹೊರಗಿನಿಂದ ನೋಡಿದರೆ ಚೊಕ್ಕಟ ಕನ್ನಡ. ಒಳಗೆ ಹುಡುಕಿದರೆ ಏನೂ ಸಿಗೋದಿಲ್ಲ. ಮಾಹಿತಿ ಹಕ್ಕಿನಲ್ಲಿ ಇನ್ನೂರು ಪುಟದ ಪಿಡಿಎಫ್ ಪಡೆದ ರೈತ ತನ್ನ ಊರಿನ ಹೆಸರು ಹುಡುಕಬೇಕಂದ್ರೆ ಇನ್ನೂರು ಪುಟವನ್ನೂ ಕಣ್ಣಲ್ಲೇ ಓದಬೇಕು. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಅಂಥ ಕಡತವನ್ನು ಓದಿದರೆ ಬರೋದು ಬರೀ ಗೊಣಗಾಟ. ‘ಸರ್ಕಾರಿ ಅಕ್ಷರ’ ಅಂತ ನಾವು ಗೌರವ ಕೊಡುವ ಆ ಮುಖದ ಹಿಂದೆ ಕೆಲವೊಮ್ಮೆ ಹೀಗೆ ಕನ್ನಡವೇ ಇರೋದಿಲ್ಲ. ಇದನ್ನು ನಾನು ಸಣ್ಣ ತಾಂತ್ರಿಕ ಲೋಪ ಅಂತ ಕರೆಯಲಾರೆ.

ವಿಚಿತ್ರ ಏನಂದ್ರೆ, ಯೂನಿಕೋಡ್‌ನಲ್ಲಿ ನೀಟಾಗಿ ತಯಾರಾದ ಅಸಲಿ ಆದೇಶವೇ ಈಗ ಅನುಮಾನಕ್ಕೆ ಗುರಿ. ಫೋನಿನ ಮಾಮೂಲಿ ಅಕ್ಷರದಂತೆ ಕಾಣುತ್ತಲ್ಲ, ‘ಯಾರೋ ಟೈಪ್ ಮಾಡಿದ್ದು’ ಅನ್ನಿಸುತ್ತೆ. ಸೊಟ್ಟಗೆ ಸ್ಕ್ಯಾನ್ ಆದ, ಮೂಲೆ ಮಡಚಿದ, ಸೀಲು ಅಕ್ಷರದ ಮೇಲೆ ಕೂತ ನುಡಿ ಪ್ರತಿಯೇ ಹೆಚ್ಚು ನಂಬಿಕೆ ಹುಟ್ಟಿಸುತ್ತೆ. ನಕಲಿ ಮಾಡುವವನಿಗೂ ಇದು ಗೊತ್ತು.

ಫಾಂಟ್ ಸಾಕ್ಷಿ ಹೇಳಿದಾಗ

ಅಕ್ಷರದ ರೂಪ ನ್ಯಾಯಾಲಯದ ಅಂಗಳಕ್ಕೂ ಹೋದದ್ದುಂಟು. 2017ರಲ್ಲಿ ಪಾಕಿಸ್ತಾನದಲ್ಲಿ ನವಾಜ್ ಷರೀಫ್ ಕುಟುಂಬದ ಆಸ್ತಿ ತನಿಖೆ ನಡೆಯುವಾಗ ಮಗಳು ಮರಿಯಂ ಕಡೆಯಿಂದ ಸಲ್ಲಿಕೆಯಾದ ಒಂದು ದಾಖಲೆಗೆ 2006ರ ಫೆಬ್ರುವರಿ ದಿನಾಂಕ ಇತ್ತು. ಅಕ್ಷರ ಮಾತ್ರ ಕ್ಯಾಲಿಬ್ರಿ. ಆ ಫಾಂಟ್ ಸಾಮಾನ್ಯ ಜನರ ಕೈಗೆ ಬಂದದ್ದು 2007ರಲ್ಲಿ. ಅದಕ್ಕೂ ಮುಂಚಿನ ಪ್ರಾಯೋಗಿಕ ಆವೃತ್ತಿಗಳಲ್ಲಿ ಇತ್ತಲ್ಲ ಅನ್ನುವ ವಾದವೂ ಬಂತು. ಜನ ವಿಕಿಪೀಡಿಯಾದ ಕ್ಯಾಲಿಬ್ರಿ ಪುಟಕ್ಕೆ ನುಗ್ಗಿ ದಿನಾಂಕ ತಿದ್ದಲು ಶುರುಮಾಡಿ, ಕೊನೆಗೆ ಆ ಪುಟದ ತಿದ್ದುಪಡಿಗೇ ಬೀಗ ಹಾಕಬೇಕಾಯಿತು.

ಕನ್ನಡಕ್ಕೂ ಇದೇ ಲೆಕ್ಕ ಹಾಕಬಹುದು. 2009ರ ದಿನಾಂಕದ ಪತ್ರದ ಕಡತದಲ್ಲಿ ನಿರ್ಮಲಾ ಫಾಂಟ್ ಇದ್ದರೆ ಅದು 2009ರಲ್ಲಿ ಆ ರೂಪದಲ್ಲಿ ತಯಾರಾದದ್ದಲ್ಲ. ಆಮೇಲೆ ಮತ್ತೆ ಟೈಪ್ ಮಾಡಿದ ಪ್ರತಿಯೂ ಆಗಿರಬಹುದು, ಅದೇನೂ ಅಪರಾಧ ಅಲ್ಲ. ಆದರೆ ಪ್ರಶ್ನೆ ಕೇಳಲು ಕಾರಣ ಸಿಕ್ಕ ಹಾಗಾಯಿತು. ಕಂಪ್ಯೂಟರಿನಲ್ಲಿ ಪಿಡಿಎಫ್ ತೆರೆದು ಅದರ ಗುಣಲಕ್ಷಣಗಳ ವಿಭಾಗಕ್ಕೆ ಹೋದರೆ ಒಳಗೆ ಯಾವ ಫಾಂಟುಗಳಿವೆ ಅನ್ನುವ ಪಟ್ಟಿ ಸಿಗುತ್ತೆ. ಸ್ಕ್ಯಾನ್ ಮಾಡಿದ್ದಾದರೆ ಪಟ್ಟಿ ಖಾಲಿ, ಯಾಕಂದ್ರೆ ಅದು ಬರೀ ಚಿತ್ರ. ಇನ್ನೊಂದು ಸುಳಿವು: ದಿನಾಂಕ ಇರುವ ಜಾಗದ ಅಂಕಿಗಳು ಉಳಿದ ಅಂಕಿಗಳಿಗಿಂತ ಹೆಚ್ಚು ಚೂಪಾಗಿ, ನೆಟ್ಟಗೆ ಇದ್ದರೆ ಅಲ್ಲಿ ಕೈಯಾಡಿಸಿದ್ದಾರೆ ಅಂತಲೇ ಅನುಮಾನ ಪಡಬೇಕು.

ಇಷ್ಟಾದರೂ ಫಾಂಟ್ ನೋಡಿ ಅಸಲಿ ಅಂತ ತೀರ್ಮಾನ ಮಾಡಲಾಗದು, ಹೆಚ್ಚೆಂದರೆ ನಕಲಿ ಅಂತ ಹಿಡಿಯಬಹುದು. ಅಸಲಿತನಕ್ಕೆ ಬೇರೆ ದಾರಿಗಳೇ ಬೇಕು. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರ ಆದರೆ ಅದರ ಆರ್‌ಡಿ ಸಂಖ್ಯೆಯನ್ನು ಅವರ ವೆಬ್‌ಸೈಟಿನಲ್ಲೇ ಹಾಕಿ ನೋಡಬಹುದು. ರಜೆ ಆದೇಶ ಆದರೆ ಶಾಲೆಯ ಮುಖ್ಯಶಿಕ್ಷಕರಿಗೆ ಒಂದು ಫೋನ್. ಸಿಗ್ನಲ್ ಸಿಕ್ಕರೆ.

ಕೈಬರಹಕ್ಕೆ ಬೆಲೆ ಇಲ್ಲವೇ?

ಜೊಯಿಡಾದ ಮಟ್ಟಿಗೆ ಈ ಇಡೀ ವಿಷಯದ ತೂಕ ಇರೋದು ಇಲ್ಲಿ. ಈ ತಾಲ್ಲೂಕಿನ ಹೆಸರೇ ಮೊದಲು ಸೂಪಾ. ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನ ನೀರಲ್ಲಿ ಸೂಪಾ ಪೇಟೆ ಮುಳುಗಿ, ಕಚೇರಿಗಳು ಜೊಯಿಡಾಕ್ಕೆ ಬಂದವು. ಸುತ್ತ ಕಾಡು, ಕಾಡಿನಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಅದರ ಒಳಗೂ ಅಂಚಿನಲ್ಲೂ ಕುಣಬಿಯರ ಮತ್ತಿತರರ ಊರುಗಳು. ಇಲ್ಲಿ ‘ನಾವು ಇಲ್ಲೇ ಇದ್ದವರು’ ಅಂತ ತೋರಿಸೋದೇ ಬದುಕಿನ ಪ್ರಶ್ನೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೂ ಹಿಂದಿನ ಮೂರು ತಲೆಮಾರಿನ, ಅಂದ್ರೆ 75 ವರ್ಷದ, ವಾಸ ತೋರಿಸಬೇಕು.

ಅಷ್ಟು ಹಳೆಯ ದಾಖಲೆ ಯಾವ ಫಾಂಟಿನಲ್ಲೂ ಇರೋದಿಲ್ಲ. ಇದ್ದರೆ ಶಾಯಿಯ ಕೈಬರಹ, ಮಾಸಿದ ರಸೀದಿ. ಅದೂ ಇಲ್ಲದಿದ್ದರೆ ಊರ ಹಿರಿಯರ ನೆನಪು. ಕಾಯ್ದೆಯ ನಿಯಮಗಳು ಹಿರಿಯರ ಹೇಳಿಕೆಯನ್ನು ಬರೆದುಕೊಂಡದ್ದನ್ನೂ ಸಾಕ್ಷ್ಯ ಅಂತ ಒಪ್ಪುತ್ತವೆ, ಅದು ಟೈಪ್ ಆಗಿರಬೇಕು ಅಂತ ಎಲ್ಲೂ ಹೇಳೋದಿಲ್ಲ. ಆದರೆ ಮೇಜಿನ ಆ ಕಡೆ ಕೂತವರ ಕಣ್ಣಿಗೂ ಅದೇ ಅಭ್ಯಾಸ: ನೋಟ್‌ಬುಕ್ ಹಾಳೆಯ ಮೇಲಿನ ವಕ್ರ ಅಕ್ಷರ ಹಗುರ, ಡಿಟಿಪಿ ಮಾಡಿಸಿದ್ದು ಭಾರ. ಹಾಗಾಗಿ ಜನ ತಾಲ್ಲೂಕಿಗೆ ಬಸ್ಸಿನಲ್ಲಿ ಹೋಗಿ, ಒಂದು ದಿನದ ಕೂಲಿ ಬಿಟ್ಟು, ಅದೇ ಮಾತನ್ನು ನುಡಿ ಅಕ್ಷರದಲ್ಲಿ ಟೈಪ್ ಮಾಡಿಸಿ ತರುತ್ತಾರೆ. ಮಾತು ಒಂದೇ, ಮುಖ ಬೇರೆ. ದೇಶಕ್ಕೆಲ್ಲ ಕಾಗದ ಕೊಡುವ ಕಾರ್ಖಾನೆ ಪಕ್ಕದ ದಾಂಡೇಲಿಯಲ್ಲೇ ಇದೆ ಅನ್ನೋದು ಬೇರೆ ಮಾತು.

ಇನ್ನೊಂದು ಕಡೆಯಿಂದ ನೋಡಿ. ಗ್ರಾಮಸಭೆಯ ನಿರ್ಣಯದಿಂದ ನೊಂದವರು ಉಪವಿಭಾಗ ಮಟ್ಟದ ಸಮಿತಿಗೆ, ಅಲ್ಲಿಂದ ಜಿಲ್ಲಾ ಮಟ್ಟದ ಸಮಿತಿಗೆ ಹೋಗಲು ಕಾಯ್ದೆ ಕೊಟ್ಟಿರುವುದು 60 ದಿನ. ತಿರಸ್ಕಾರದ ಪತ್ರ ವಾಟ್ಸಾಪಿನಲ್ಲಿ ಬಂದು, ಫೋನಿನ ಮಾಮೂಲಿ ಅಕ್ಷರದಲ್ಲಿ ಇದೆ ಅಂತ ‘ಇದ್ಯಾರದೋ ಕಿತಾಪತಿ’ ಅಂದುಕೊಂಡು ಪಕ್ಕಕ್ಕಿಟ್ಟರೆ ಆ ದಿನಗಳು ಓಡುತ್ತಲೇ ಇರುತ್ತವೆ. ಅಂಥ ಪತ್ರ ಬಂದರೆ ಮೊದಲು ಮಾಡಬೇಕಾದ್ದು ಪತ್ರದ ಸಂಖ್ಯೆ, ದಿನಾಂಕ ಬರೆದುಕೊಂಡು ಊರಿನ ಅರಣ್ಯ ಹಕ್ಕು ಸಮಿತಿಯ ಅಧ್ಯಕ್ಷರನ್ನೋ ಕಾರ್ಯದರ್ಶಿಯನ್ನೋ ಕೇಳೋದು, ಕಚೇರಿಯಿಂದ ಲಿಖಿತ ಪ್ರತಿ ಪಡೆದು, ಕೈಗೆ ಬಂದ ದಿನಾಂಕವನ್ನು ಅದರ ಮೇಲೆಯೇ ಬರೆಸಿಕೊಳ್ಳೋದು. ಪೆನ್ನಿನಲ್ಲಿ ಬರೆದರೂ ನಡೆಯುತ್ತೆ.